ನಮ್ಮತ್ತೆಯ ಮರೆವಿಗೊಂದು ಹರಕೆ

ನಮ್ಮ ಸೋದರತ್ತೆಗೆ ಸ್ವಲ್ಪ ಮರೆವು ಕೊಡಪ್ಪಾ ಎಂದು ನಾವು ಅಣ್ಣತಮ್ಮಂದಿರು, ಅಕ್ಕತಂಗಿಯರೆಲ್ಲ ಸೇರಿ ಮನೆದೇವರಿಗೆ ಹರಕೆ ಹೊತ್ತಿದ್ದೆವು. ನಗಬೇಡಿ! ಮಕ್ಕಳಿಗೆ ಜ್ಞಾಪಕಶಕ್ತಿ ಕೊಡು ಎಂದು ಬೇಡಿಕೊಳ್ಳುವವರು ಊರ ತುಂಬ ಇದ್ದಾರೆ, ನಮ್ಮ ಕಷ್ಟವೇ ಬೇರೆ. ಅತ್ತೆಯ ತಲೆಯಲ್ಲಿದ್ದ ನೆನಪನ್ನು ಹಂಚಿದ್ದರೆ ಮಧುಗಿರಿ, ಕೊರಟಗೆರೆ ಎರಡೂ ತಾಲ್ಲೂಕಿನ ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿಬಿಡುತ್ತಿದ್ದರು. ಮರೆಯದಿದ್ದರೂ ಪರವಾಗಿಲ್ಲ, ಬಾಯಿ ಮುಚ್ಚಿಕೊಂಡು ಇರಬಹುದಿತ್ತಲ್ಲ? ಅದೂ ಇಲ್ಲ!

ಅತ್ತೆಗೆ ಕೊರಟಗೆರೆ ತಾಲ್ಲೂಕು ಕಚೇರಿಯ ಎದುರು ಒಂದು ಟೈಪಿಂಗ್ ಅಂಗಡಿ. ಖಾತೆ ಬದಲಾವಣೆ, ಪಿಂಚಣಿ, ಬದುವಿನ ಜಗಳ, ಪೊಲೀಸ್ ದೂರು, ಯಾವ ಅರ್ಜಿಯಾದರೂ ಅವಳ ಬೆರಳಿನ ಕೆಳಗಿಂದಲೇ ಹೊರಡಬೇಕು. ಹಾಗಾಗಿ ಸುತ್ತಲಿನ ಊರುಗಳ ಒಳಗುಟ್ಟೆಲ್ಲ ಅವಳಿಗೆ ಬಾಯಿಪಾಠ. ದೊಡ್ಡೇರಿಯಲ್ಲಿ ನನ್ನ ತಂಗಿಯ ನಿಶ್ಚಿತಾರ್ಥದ ದಿನ ಗಂಡಿನ ತಂದೆ ಎಲೆ ಅಡಿಕೆ ಮಡಚುತ್ತಾ, "ನಮ್ ವಂಶದಾಗೆ ಯಾರಿಗೂ ಒಂದು ಕೆಟ್ಟ ಚಟ ಅಂತ ಇಲ್ಲ ನೋಡಿ" ಎಂದರು. ನಾವೆಲ್ಲ ಭಕ್ತಿಯಿಂದ ತಲೆಯಾಡಿಸಿದೆವು. ಅತ್ತೆ ಬಹಳ ಅಕ್ಕರೆಯಿಂದ, "ಗೊತ್ತಿಲ್ವೇ ನಂಗೆ! ನಿಮ್ಮಣ್ಣಾರ ಇಸ್ಪೀಟ್ ಕೇಸಿಗೆ ಅರ್ಜಿ ಹೊಡ್ಕೊಟ್ಟಿದ್ದು ನಾನೇ ಅಲ್ವೇ? ಹೆಂಗವ್ರೆ ಈಗ?" ಎಂದಳು.

ಮದುವೆಯೇನೋ ಆಯಿತು. ಆದರೆ ಆ ಬೀಗರು ಇವತ್ತಿಗೂ ತಾಲ್ಲೂಕು ಕಚೇರಿಗೆ ಹಿಂದಿನ ಗೇಟಿನಿಂದ ಹೋಗುತ್ತಾರೆ. ನಾವು ಹರಕೆ ಹೊತ್ತಿದ್ದು ಆ ನಿಶ್ಚಿತಾರ್ಥದ ಸಂಜೆಯೇ.

ನನ್ನ ಪಾಡು ಇನ್ನೂ ಕೆಟ್ಟದ್ದು. ನಾನು ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನಮ್ಮ ಮಕ್ಕಳ ತಂದೆತಾಯಿ ಯಾರಾದರೂ ಅತ್ತೆಯ ಅಂಗಡಿಯಲ್ಲಿ ನನ್ನ ಹೆಸರೆತ್ತಿದರೆ ಸಾಕು, "ನಮ್ ಹುಡುಗನೇ ಕಣಪ್ಪಾ. ಏಳನೇ ಕ್ಲಾಸಲ್ಲಿ ಲೆಕ್ಕದಾಗೆ ನೂರಕ್ಕೆ ಹನ್ನೊಂದು ತಗೊಂಡಿದ್ದ. ಈಗ ಪಾಪ, ಚೆನ್ನಾಗೇ ಹೇಳ್ಕೊಡ್ತಾನೆ" ಎನ್ನುತ್ತಾಳೆ. ಹನ್ನೊಂದನ್ನಾದರೂ ಸಹಿಸಬಹುದು, ಆ 'ಪಾಪ'ವನ್ನು ಸಹಿಸುವುದು ಕಷ್ಟ!

ಅವಳು ಟೈಪ್ ಮಾಡುವುದನ್ನು ನೋಡಬೇಕು ನೀವು. ಕಣ್ಣು ರಸ್ತೆಯ ಮೇಲೆ, ಬಾಯಿ ಪಕ್ಕದ ಜೆರಾಕ್ಸ್ ಅಂಗಡಿಯವಳ ಜೊತೆ, ಹತ್ತು ಬೆರಳೂ ತಮ್ಮ ಪಾಡಿಗೆ ಕೀಬೋರ್ಡಿನ ಮೇಲೆ. ಆದರೂ ಒಂದಕ್ಷರ ತಪ್ಪುವುದಿಲ್ಲ. ಒಮ್ಮೆ ರೈತರೊಬ್ಬರು, "ತಿಮ್ಮಪ್ಪನೋ ತಿಮಪ್ಪನೋ ಯಾವುದೋ ಒಂದು ಹೊಡ್ದ್‌ಬುಡಮ್ಮಾ, ಮಿಡಿಗೇಶಿ ಬಸ್ಸು ಹೊಂಟೋಯ್ತದೆ" ಎಂದು ಅವಸರ ಮಾಡಿದರು. ಅತ್ತೆಯ ಕೈ ನಿಂತಿತು. "ಬಸ್ಸು ಹೋದ್ರೆ ಇನ್ನೊಂದು ಬತ್ತದೆ ಕಣಣ್ಣಾ. ಒತ್ತಕ್ಷರ ಹೋದ್ರೆ ನಿಮ್ಮಪ್ಪನೇ ಬೇರೆ ಆಗ್‌ಬುಡ್ತಾನೆ. ನಿಮ್ಮಣ್ಣ ಬಂದಾಗ ತಿಮ್ಮಪ್ಪ ಅಂತಲೇ ಹೊಡ್ದಿದ್ದೆ, ಕೂತ್ಕೊ" ಎಂದಳು. ಅವರ ಅಣ್ಣ ಯಾವ ಕಾಲದಲ್ಲಿ ಬಂದಿದ್ದರೋ ಅವರಿಗೇ ಗೊತ್ತಿರಲಿಲ್ಲ!

ಇಂಥ ಅತ್ತೆ ಒಂದು ದಿನ ಮರೆತಳು.

ಆಗಿದ್ದಿಷ್ಟು. ಮಳೆಗಾಲದ ಸಿಡಿಲಿಗೆ ಅಂಗಡಿಯ ಕಂಪ್ಯೂಟರ್ ಸುಟ್ಟುಹೋಯಿತು. ಅತ್ತೆ ಬೀರುವಿನಿಂದ ಒಂದು ಹಳೆಯ ಲ್ಯಾಪ್‌ಟಾಪ್ ಹೊರತೆಗೆದಳು. ನಮ್ಮಜ್ಜಿ, ಅಂದರೆ ಅತ್ತೆಯ ತಾಯಿ, ಕೊನೆಗಾಲದಲ್ಲಿ ಅವಳ ಮನೆಯಲ್ಲೇ ಇದ್ದರು. ಆಗ ಅತ್ತೆ ಅಂಗಡಿಗೆ ಬಾಗಿಲು ಹಾಕಿ, ಅಜ್ಜಿಯ ಮಂಚದ ಪಕ್ಕ ಕೂತು ಇದೇ ಲ್ಯಾಪ್‌ಟಾಪಿನಲ್ಲಿ ಅರ್ಜಿ ಹೊಡೆಯುತ್ತಿದ್ದಳು. ಅಜ್ಜಿ ಹೋದ ಮೇಲೆ ಅದನ್ನು ಬೀರುವಿನಲ್ಲಿಟ್ಟವಳು ಮತ್ತೆ ಮುಟ್ಟಿರಲಿಲ್ಲ. ಈಗ ಚಾರ್ಜಿಗೆ ಹಾಕಿ ಗುಂಡಿ ಒತ್ತಿದರೆ, ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಪಾಸ್‌ವರ್ಡ್ ಕೊಡು ಎನ್ನುವ ಒಂದು ಸಾಲು.

ಆ ಪಾಸ್‌ವರ್ಡ್ ಯಾಕೆ ಬಂತು ಎನ್ನುವುದೂ ಒಂದು ಕಥೆ. ನಮ್ಮ ಮಾವ ವೈ.ಎನ್.ಹೊಸಕೋಟೆಯ ಕಡೆಯವರು, ಸಾಧು ಮನುಷ್ಯರು. ಆದರೆ ಅತ್ತೆ ಅಡುಗೆಮನೆಗೆ ಹೋದರೆ ಸಾಕು, ಲ್ಯಾಪ್‌ಟಾಪ್ ತೆರೆದು ಇಸ್ಪೀಟು ಆಡುತ್ತಿದ್ದರು. (ಬೀಗರಿಗೆ ಇದು ಗೊತ್ತಾಗಬಾರದು!) ಅತ್ತೆ ವಿಂಡೋಸಿಗೆ ಪಾಸ್‌ವರ್ಡ್ ಹಾಕಿದಳು. ಮಾವ ಮೊದಲ ಏಟಿಗೇ ಕಂಡುಹಿಡಿದರು, ಅದು ಅವರದೇ ಹೆಸರಾಗಿತ್ತು. ಆಮೇಲೆ ಅತ್ತೆ ಕಂಪ್ಯೂಟರ್ ಬಲ್ಲವರೊಬ್ಬರನ್ನು ಹಿಡಿದು, "ಎಲ್ಲಕ್ಕಿಂತ ಒಳಗೆ ಒಂದು ಬೀಗ ಹಾಕಿಸ್ಕೊಡಪ್ಪಾ" ಎಂದಳು. ಅವರು ಬಯಾಸ್ ಪಾಸ್‌ವರ್ಡ್ ಹಾಕಲು ತೋರಿಸಿಕೊಟ್ಟರು. ವಿಂಡೋಸ್ ಏಳುವುದಕ್ಕೂ ಮುಂಚೆ ಎದ್ದು ಬಾಗಿಲಲ್ಲಿ ಅಡ್ಡ ನಿಲ್ಲುವ ಬೀಗ ಅದು. ಪದ ಮಾತ್ರ ಅತ್ತೆ ಯಾರಿಗೂ ಹೇಳಲಿಲ್ಲ.

ಈಗ ಅತ್ತೆ ಕನ್ನಡಕ ಏರಿಸಿ, ಒಂದೇ ಬೆರಳಿನಲ್ಲಿ ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ ಹೊಡೆದಳು. ತಪ್ಪು. ಮತ್ತೆ ಹೊಡೆದಳು. ತಪ್ಪು. ಮೂರನೆಯ ಸಲಕ್ಕೆ ಲ್ಯಾಪ್‌ಟಾಪ್ ಮುನಿಸಿಕೊಂಡು ಯಾವ ಕೀ ಒತ್ತಿದರೂ ಮಾತಾಡದೆ ಕೂತಿತು.

"ನಾನು ಮರ್ತಿಲ್ಲ, ಇದಕ್ಕೇ ಮರ್ತೋಗದೆ" ಎಂದಳು ಅತ್ತೆ.

"ಪೋನೀ ಬುಡೇ. ವಯಸ್ಸಾದ್ ಮೇಲೆ ಯಾರಿಗೆ ತಾನೆ ಮರೆಯಲ್ಲ?" ಎಂದರು ಮಾವ. ಸಮಾಧಾನ ಹೇಳಲು ಹೋಗಿ ಸಿಕ್ಕಿಹಾಕಿಕೊಳ್ಳುವುದು ಅಂದರೆ ಇದು. ಅತ್ತೆ ನೋಡಿದ ನೋಟಕ್ಕೆ ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ತಲುಪಿತು. "ಹರಕೆ ಫಲಿಸಿತು!" ಎಂದು ಚಿಕ್ಕಪ್ಪನ ಮಗ ಬರೆದ. ಅದರ ಕೆಳಗೆ ಎಲ್ಲರೂ ತೆಂಗಿನಕಾಯಿಯ ಚಿತ್ರ ಹಾಕಿದರು. ನಾನೂ ಹಾಕಿದೆ.

ಲ್ಯಾಪ್‌ಟಾಪನ್ನೂ ಅತ್ತೆಯನ್ನೂ ಕರೆದುಕೊಂಡು ನಾನು ಶಿರಾದ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಸಾಬರು ಬಿಚ್ಚಿ ನೋಡಿದರು. "ಫಾರ್ಮ್ಯಾಟ್ ಮಾಡಿದ್ರೂ ಇದು ಹೋಗಲ್ಲ ಅಮ್ಮಾ, ಬಿಲ್ಕುಲ್ ಹೋಗಲ್ಲ. ಬೋರ್ಡಲ್ಲೇ ಕುಂತದೆ. ಒಳಗಿನ ಸೆಲ್ ಸತ್ತೋಗಿ ತಾರೀಕು, ಇಸವಿ ಎಲ್ಲಾ ಮರ್ತೋಗದೆ ಇದಕ್ಕೆ. ಪಾಸ್‌ವರ್ಡ್ ಒಂದು ಮರ್ತಿಲ್ಲ ನೋಡಿ!"

ಅತ್ತೆ ನಗಲಿಲ್ಲ. "ನಮ್ಮಮ್ಮನೂ ಅಂಗೇ ಆಗಿದ್ಲು ಕಣಪ್ಪಾ. ಯಾವ ಇಸವಿ ಅಂತ ಗೊತ್ತಿರ್ಲಿಲ್ಲ. ಉಪ್ಪಿನಕಾಯಿ ಜಾಡಿ ಎಲ್ಲೈತೆ ಅಂತ ಗೊತ್ತಿತ್ತು" ಎಂದಳು.

ಸಾಬರು ಹಾರ್ಡ್‌ಡಿಸ್ಕ್ ಹೊರತೆಗೆದು, ಒಳಗಿದ್ದ ಅರ್ಜಿಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಟ್ಟು, ಮತ್ತೆ ಜೋಡಿಸಿದರು. ಬೋರ್ಡ್ ಬದಲಾಯಿಸುವ ಬದಲು ಬೇರೆಯದನ್ನೇ ಕೊಳ್ಳಿ ಎಂದರು. ಅಲ್ಲಿಗೆ ಮುಗಿಯಿತಲ್ಲ? ನಾನೂ ಹಾಗೇ ಅಂದುಕೊಂಡೆ. ಬಸ್ಸಿನಲ್ಲಿ ಅತ್ತೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಮಧುಗಿರಿ ದಾಟಿದ ಮೇಲೆ, "ಒಳಗಿರೋ ಅರ್ಜಿ ಕಟ್ಕೊಂಡು ನಾನೇನ್ ಮಾಡ್ಲಿ? ಅಮ್ಮಂಗೆ ಮೊದ್ಲು ಹೋಗಿದ್ದೂ ಒಂದೇ ಪದ ಕಣ್ಲಾ. ಸೌಟು ಕೈಯಾಗೆ ಹಿಡ್ಕೊಂಡು, ಇದುಕ್ಕೆ ಏನಂತಾರೆ ಅಂತ ಕೇಳಿದ್ಲು. ನಾವೆಲ್ಲಾ ನಕ್ಕಿದ್ವಿ" ಎಂದಳು.

ನಾನು ಮೊಬೈಲ್ ತೆಗೆದು, ಗುಂಪಿನಲ್ಲಿ ಹಾಕಿದ್ದ ತೆಂಗಿನಕಾಯಿಯನ್ನು ಅಳಿಸಿದೆ. ಅಳಿಸಿದರೆ ಹೋಗುತ್ತದೆಯೇ? 'ಈ ಸಂದೇಶವನ್ನು ಅಳಿಸಲಾಗಿದೆ' ಎಂದು ಅಲ್ಲೇ ಕೂತಿತು.

ಆಮೇಲೆ ಅತ್ತೆ ಬದಲಾದಳು. ಬಾಡಿಗೆಗೆ ತಂದ ಕಂಪ್ಯೂಟರಿನಲ್ಲಿ ಕೆಲಸವೇನೋ ನಡೆಯುತ್ತಿತ್ತು. ಆದರೆ ಪಾವಗಡದಿಂದ ಬಂದ ಹಳೆಯ ಗಿರಾಕಿಯೊಬ್ಬರು ತಮ್ಮ ತಂದೆಯ ಹೆಸರು ಹೇಳುವಾಗ, "ಯಾವುದಕ್ಕೂ ಆಧಾರ್ ಕಾರ್ಡ್ ತೋರ್ಸಪ್ಪಾ" ಎಂದಳಂತೆ. ಅವರು ಗಾಬರಿಯಾಗಿ ಪಕ್ಕದ ಜೆರಾಕ್ಸ್ ಅಂಗಡಿಯವಳನ್ನು, "ಏಮಮ್ಮಾ, ಅಮ್ಮಂಗೆ ಹುಷಾರಿಲ್ವಾ?" ಎಂದು ವಿಚಾರಿಸಿದರಂತೆ. ಅತ್ತೆ ಆಧಾರ್ ಕಾರ್ಡ್ ಕೇಳಿದಳು ಎನ್ನುವ ಸುದ್ದಿ ಕೇಳಿ ನಮ್ಮ ಗುಂಪಿನಲ್ಲಿ ಒಬ್ಬರೂ ನಗಲಿಲ್ಲ.

ಆ ವಾರ ಒಂದು ಗೃಹಪ್ರವೇಶದಲ್ಲಿ ಯಾರೋ ನನ್ನನ್ನು ತೋರಿಸಿ, "ಇವರು ಲೆಕ್ಕದಲ್ಲಿ ಚಿಕ್ಕಂದಿನಿಂದಲೂ ಬಲು ಚುರುಕು" ಎಂದರು. ನಾನು ಉಸಿರು ಬಿಗಿಹಿಡಿದು ಅತ್ತೆಯ ಕಡೆ ನೋಡಿದೆ. ಹೇಳು ಅತ್ತೆ, ಹೇಳಿಬಿಡು, ಹನ್ನೊಂದು ಅಂತ ಹೇಳು! ಅತ್ತೆ ಸುಮ್ಮನೆ ಕಾಫಿ ಕುಡಿದಳು. ಜೀವಮಾನದಲ್ಲಿ ಮೊದಲ ಬಾರಿ ನನ್ನ ಮಾನ ಉಳಿಯಿತು. ನನ್ನ ಕಾಫಿ ಮಾತ್ರ ಲೋಟದಲ್ಲೇ ಉಳಿಯಿತು.

ಭಾನುವಾರ ಮಧ್ಯಾಹ್ನ ಕೊರಟಗೆರೆಗೆ ಹೋದೆ. ಅತ್ತೆ ನಡುಮನೆಯಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಅದನ್ನು ನನ್ನ ಕಡೆಗೆ ತಳ್ಳಿದಳು.

"ನೀನೇ ಹೊಡಿ. ನನ್ ಕೈ ಮ್ಯಾಲೆ ನಂಗೇ ನಂಬಿಕೆ ಹೊಂಟೋಗದೆ."

"ಪದ ಏನತ್ತೆ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅತ್ತೆ ನಾಚಿಕೊಂಡಿದ್ದನ್ನು ನಾನು ಅದೇ ಮೊದಲು ಕಂಡಿದ್ದು.

"ಒಳ್ಳೆಮ್ಮ" ಎಂದಳು. "ಅಮ್ಮ ಕೊನೆಕೊನೆಗೆ ನನ್ ಹೆಸ್ರು ಮರ್ತ್‌ಬುಟ್ಟಿದ್ಲಲ್ಲ. ಯಾರಮ್ಮಾ ನೀನು, ಯಾರ ಮನೆ ಮಗಳು ಅನ್ನೋಳು. ಯಾರಂತ ಗೊತ್ತಿಲ್ದಿದ್ರೂ, ಅನ್ನ ಕಲಸಿ ಕೊಟ್ರೆ, ಒಳ್ಳೆಮ್ಮ, ನಿಂದು ಊಟ ಆಯ್ತಾ ಅನ್ನೋಳು. ನಾನು ಟೈಪ್ ಮಾಡ್ತಿದ್ರೆ, ಒಳ್ಳೆಮ್ಮ, ಎಷ್ಟು ಹೊತ್ತು ಟಕಟಕ ಅಂತೀಯ, ಒಸಿ ಮಲಗಮ್ಮಾ ಅನ್ನೋಳು. ಮಗಳು ಅಂತ ಮರ್ತ ಮ್ಯಾಲೂ ಅವಳು ನಂಗಿಟ್ಟಿದ್ದ ಹೆಸ್ರು ಕಣ್ಲಾ. ಅದ್ನೇ ಮರೀತೀನಾ ನಾನು?"

ಮೇಷ್ಟ್ರಲ್ಲವೇ, ಮುಖ ತೋರಿಸದೆ ಪರದೆಯ ಮೇಲೆ ಬಗ್ಗಿ ಹೊಡೆದೆ. ಎರಡು ಎಲ್ ಹಾಕಿ ಹೊಡೆದೆ, ಒಂದು ಎಲ್ ಹಾಕಿ ಹೊಡೆದೆ, ಕೊನೆಗೆ ಇನ್ನೊಂದು ಎ ಸೇರಿಸಿ ಹೊಡೆದೆ. ಲ್ಯಾಪ್‌ಟಾಪ್ ಮುನಿಸಿಕೊಂಡಿತು. ಆಫ್ ಮಾಡಿ ಮತ್ತೆ ಹಚ್ಚಿದೆ.

"ಅತ್ತೆ, ಸ್ಪೆಲ್ಲಿಂಗ್ ಏನು ಹಾಕಿದ್ದೆ?"

"ಸ್ಪೆಲ್ಲಿಂಗಾ?" ಅತ್ತೆಗೆ ಹಳೆಯ ಸಿಟ್ಟು ಸರ್ರನೆ ಬಂತು. "ಕನ್ನಡಕ್ಕೆ ಎಂಥಾ ಸ್ಪೆಲ್ಲಿಂಗ್ಲಾ? ಮೇಷ್ಟ್ರಂತೆ ಮೇಷ್ಟ್ರು! ಒ ಹೊಡಿ, ಳ ಹೊಡಿ, ಒತ್ತು ಕೊಡು, ಮತ್ತೆ ಳ..."

ಅಲ್ಲಿಗೆ ನಿಂತಳು. ಅವಳ ಎಡಗೈಯ ತೋರುಬೆರಳು ತೊಡೆಯ ಮೇಲೆ ತಾನಾಗೇ ಒಮ್ಮೆ ಬಡಿಯಿತು. ಅವಳು ಆ ಬೆರಳನ್ನೇ ನೋಡಿದಳು.

ಅತ್ತೆ ಕಲಿತ ಕನ್ನಡ ಟೈಪಿಂಗಿನಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ನಡುವೆ ಎಫ್ ಕೀ ಒತ್ತಬೇಕು, ಅದು ಎಡಗೈ ತೋರುಬೆರಳಿನ ಕೆಲಸ. ಅಜ್ಜಿಯ ಮಂಚದ ಪಕ್ಕ ಕೂತು ಪಾಸ್‌ವರ್ಡ್ ಹಾಕಿದ ದಿನ ಅತ್ತೆ ಇಂಗ್ಲಿಷಿನಲ್ಲಿ ಯೋಚಿಸಿರಲೇ ಇಲ್ಲ. ಎಂದಿನಂತೆ ಕನ್ನಡದಲ್ಲೇ ಹೊಡೆದಿದ್ದಳು. ಲ್ಯಾಪ್‌ಟಾಪಿಗೆ ಕನ್ನಡ ಎಲ್ಲಿ ಗೊತ್ತು? ಬಿದ್ದ ಕೀಗಳನ್ನು ಬಿದ್ದ ಹಾಗೆ ಕಟ್ಟಿಟ್ಟುಕೊಂಡಿತ್ತು. ಈಗ ಪರದೆಯ ಮೇಲೆ ಇಂಗ್ಲಿಷ್ ಸಾಲು ಕಂಡದ್ದೇ ತಡ, ಅತ್ತೆ ಇಂಗ್ಲಿಷ್ ಅಕ್ಷರ ಹುಡುಕಲು ಹೊರಟಿದ್ದಳು.

"ಸರಿ ಅತ್ಲಾಗೆ" ಎಂದು ನನ್ನನ್ನು ತಳ್ಳಿ, ಹತ್ತು ಬೆರಳನ್ನೂ ಇಟ್ಟು, ಮುಖವನ್ನು ಬಾಗಿಲ ಕಡೆ ತಿರುಗಿಸಿ, ಅಂಗಡಿಯಲ್ಲಿ ಹೊಡೆಯುವ ಹಾಗೆ ಹೊಡೆದಳು. ಒಂದು ಪದ ಹೊಡೆಯಲು ಎಷ್ಟು ಹೊತ್ತು ಬೇಕು? ಲ್ಯಾಪ್‌ಟಾಪ್ ಗುರ್ ಎಂದು ಎದ್ದು, ವಿಂಡೋಸಿನ ರಾಗ ಹಾಡಿತು.

ಅತ್ತೆ ಕಣ್ಣೊರೆಸಿಕೊಂಡಳು. ಆಮೇಲೆ ಇಡೀ ಮನೆಗೆ ಕೇಳುವ ಹಾಗೆ ಶುರು ಮಾಡಿದಳು. "ಯಾವನ್ಲಾ ನಂಗೆ ಮರೆವು ಅಂದಿದ್ದು? ರೀ, ನೀವು ಮತ್ತೆ ಇಸ್ಪೀಟು ತೆಗೆದ್ರೆ ನೋಡಿ! ನಿನ್ ಚಿಕ್ಕಪ್ಪನ ಮಗನಿಗೂ ಹೇಳು, ಮದ್ವೆಗೆ ಮುಂಚೆ ಅವನು ಬರ್ದಿದ್ದ ಕವನ ಟೈಪ್ ಮಾಡ್ಕೊಟ್ಟಿದ್ದು ನಾನು, ಎಲ್ಲಾ ಸಾಲೂ ನೆಪ್ಪೈತೆ ಅಂತ. ಇನ್ನು ನೀನು! ಏಳನೇ ಕ್ಲಾಸಲ್ಲಿ ಹನ್ನೊಂದು. ಅದ್ರಾಗೆ ಎರಡು ಮೇಷ್ಟ್ರು ಕನಿಕರಕ್ಕೆ ಕೊಟ್ಟಿದ್ದು!"

"ಹೌದತ್ತೆ, ಹೌದು" ಎಂದೆ. ಅಷ್ಟು ಖುಷಿಯಿಂದ ಆ ಅಂಕಪಟ್ಟಿಯನ್ನು ನಾನು ಎಂದೂ ಒಪ್ಪಿಕೊಂಡಿರಲಿಲ್ಲ. ಮುಂದಿನ ಸೋಮವಾರವೇ ಮನೆದೇವರಿಗೆ ಎಲ್ಲರ ಪರವಾಗಿ ತಪ್ಪುಕಾಣಿಕೆ ಹಾಕಿ ಬಂದೆ.

ಆ ಭಾನುವಾರ ಅತ್ತೆಯ ಮನೆಯಿಂದ ಹೊರಡುವಾಗ, "ಈಗ ನನಗೂ ಗೊತ್ತಾಯಿತಲ್ಲ, ಪಾಸ್‌ವರ್ಡ್ ಬದಲಾಯಿಸಲ್ವಾ?" ಎಂದು ಕೇಳಿದೆ.

"ಬ್ಯಾಡ. ನಿಂಗೂ ಗೊತ್ತಿರ್ಲಿ" ಎಂದಳು ಅತ್ತೆ. "ಈ ಸಲ ತಪ್ಪಿಸ್ಕೊಂಡೆ ಕಣ್ಲಾ. ಅಮ್ಮನ ಮಗಳಲ್ವಾ, ಒಂದಿನ ನಂಗೂ ಬಂದ್ರೂ ಬಂತು. ನಿನ್ನೇ ಯಾರಪ್ಪಾ ನೀನು ಅಂತ ಕೇಳಿದ್ರೆ, ಬೇಜಾರ್ ಮಾಡ್ಕೋಬ್ಯಾಡ. ಅತ್ತೆ ಅಂತ ಕರೆದ್ರೆ ತಿರುಗ್ದೆ ಇರಬೋದು. ಒಳ್ಳೆಮ್ಮ ಅಂತ ಕರಿ. ತಿರುಗ್ತೀನಿ."

ಪಾಸ್‌ವರ್ಡನ್ನು ಹೀಗೆ ಊರಿಗೆಲ್ಲ ಹೇಳಿಬಿಟ್ಟೆನಲ್ಲ ಎಂದು ನೀವು ಕೇಳಬಹುದು. ಅತ್ತೆ ಓದಿದರೆ ಬೈಯುತ್ತಾಳೆ, ಬೈಯಲಿ. ಯಾವತ್ತಾದರೂ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ, ಯಾವ ಬಸ್ಸು ಹತ್ತಬೇಕೆಂದು ತಿಳಿಯದೆ ನಿಂತ ಒಬ್ಬ ಹೆಂಗಸು ನಿಮಗೆ ಕಂಡರೆ, ಅವಳ ಬೆರಳುಗಳು ಸೆರಗಿನ ಮೇಲೆ ತಮ್ಮ ಪಾಡಿಗೆ ಟೈಪ್ ಮಾಡುತ್ತಿದ್ದರೆ, ಹತ್ತಿರ ಹೋಗಿ ಆ ಹೆಸರಿನಿಂದ ಒಂದು ಸಲ ಕರೆಯಿರಿ. ಅದಕ್ಕೇ ಹೇಳಿದ್ದು.