ನನ್ನ ಮದುವೆಗೆ ಬಂದ ಎಂಟು ಕಾಕಂದಿರು

ನನ್ನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂಭ್ರಮಪಟ್ಟವನು ನನ್ನ ಸೋದರಮಾವ. ಆದರೆ ಆ ಸಂಭ್ರಮಕ್ಕೂ ನನ್ನ ಮದುವೆಗೂ ಏನೇನೂ ಸಂಬಂಧವಿರಲಿಲ್ಲ!

ತಂದೆತಾಯಿ ಇಲ್ಲದ ನನ್ನನ್ನು ಸಾಕಿದವನು ಅವನೇ. ಮಸ್ಕಿಯ ಪೇಟೆಯಲ್ಲಿ ಅವನದೊಂದು ಕಿರಾಣಿ ಅಂಗಡಿ. ಜೀರಿಗೆ ಕೇಳಿ ಬಂದವರು ಮೊದಲು ಯಾರದಾದರೂ ಒಂದು ಪದ್ಯ ಕೇಳಬೇಕು, ಆಮೇಲೆ ಜೀರಿಗೆ. ಅವಸರದವರು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ತಾನೇ ಬರೆದ ಒಂದೇ ಒಂದು ಪದ್ಯವನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ಅದನ್ನು ಓದುವುದೇನಿದ್ದರೂ ನಮ್ಮೂರಲ್ಲಿ ಕನ್ನಡದ ಸಮ್ಮೇಳನ ನಡೆದಾಗಲೇ ಅಂತೆ.

ಸಮ್ಮೇಳನ ನಡೆಯುವುದೆಲ್ಲಿಂದ? ಅದು ನಿಜಾಮರ ಕಾಲ. ನಾಲ್ಕು ಜನ ಸಭೆ ಸೇರಬೇಕಾದರೂ ಸರ್ಕಾರದ ಇಜಾಜತ್ ಬೇಕು. ಮಾವ ವರ್ಷಕ್ಕೊಮ್ಮೆ ಲಿಂಗಸುಗೂರಿನ ಕಚೇರಿಗೆ ಅರ್ಜಿ ಕೊಟ್ಟು ಬರುತ್ತಿದ್ದ. ಅಪ್ಪಣೆ ಮಾತ್ರ ಬರುತ್ತಿರಲಿಲ್ಲ.

"ನಮ್ಮ ಗುಡ್ಡದ ಬಂಡೆಗಲ್ಲಿನ ಮ್ಯಾಲೆ ಆ ಹಳೇ ರಾಜ ಅಷ್ಟೆಲ್ಲಾ ಬರಸ್ಯಾನಲ್ಲ, ಅವ ಯಾವ ಕಚೇರಿಗೆ ಅರ್ಜಿ ಕೊಟ್ಟಿದ್ದ?" ಎಂದು ಗಿರಾಕಿಗಳನ್ನು ಕೇಳುತ್ತಿದ್ದ. ಜೀರಿಗೆಗೆ ಬಂದವರು ಪೊಟ್ಟಣ ಹಿಡಿದು ಜಾಗ ಖಾಲಿ ಮಾಡುತ್ತಿದ್ದರು.

ಅಷ್ಟರಲ್ಲಿ ಪಾಮನಕಲ್ಲೂರಿನ ಹುಡುಗನೊಂದಿಗೆ ನನ್ನ ಮದುವೆ ನಿಶ್ಚಯವಾಯಿತು. ಮಾವ ಒಮ್ಮೆಲೇ ಎದ್ದು ಕೂತ.

"ಯವ್ವಾ, ಮದುವಿಗೆ ಇಜಾಜತ್ ಬೇಕಾಗಿಲ್ಲ, ಹೌದಿಲ್ಲೋ?"

"ಹುಡುಗಿ ಮದುವಿ ಮಾಡಾಕತ್ತೀಯೋ, ಸಭಾ ಮಾಡಾಕತ್ತೀಯೋ?" ಎಂದಳು ಅವನ ತಾಯಿ, ನನ್ನ ಅಜ್ಜಿ.

"ಎರಡೂ. ಹಂದರ ಒಂದ, ಅಡಗಿ ಒಂದ."

ಮದುವೆಯ ದಿನ ಹೊಳೆಯಾಚೆಯಿಂದ ಎಂಟು ಮಂದಿ ಕವಿಗಳು ನನ್ನ ಕಾಕಂದಿರಾಗಿ ಬಂದಿಳಿದರು. ನನ್ನ ಅಪ್ಪ ತನ್ನ ಅಪ್ಪನಿಗೆ ಒಬ್ಬನೇ ಮಗ!

ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಬಾಸಿಂಗ ಕಟ್ಟಿದ ನಮ್ಮಿಬ್ಬರನ್ನೂ ಕೂಡಿಸಿ, ಮೊದಲನೆಯ ಕಾಕಾ ಎದ್ದು ನಿಂತು ಪದ್ಯ ಓದಿದರು. ಜನಕ್ಕೆ ಅದು ಮಂಗಳಾಷ್ಟಕದ ಹಾಗೆ ಕೇಳಿಸಿರಬೇಕು. ಮುಗಿದ ತಕ್ಷಣ ಎಲ್ಲರೂ ಅಕ್ಕಿಕಾಳು ಹಾಕಿದರು. ಎರಡನೆಯವರು ಮುಗಿಸಿದಾಗಲೂ ಹಾಕಿದರು. ಮೂರನೆಯವರ ಹೊತ್ತಿಗೆ ಅಕ್ಕಿಯೇ ತೀರಿತು. ಮುಂದೆ ನಿಜವಾದ ಮುಹೂರ್ತಕ್ಕೆ ಅಜ್ಜಿ ಜಮಖಾನೆಯ ಮೇಲಿನ ಕಾಳನ್ನೇ ಗುಡಿಸಿ ಹಂಚಬೇಕಾಯಿತು.

ನಾಲ್ಕನೆಯವರು ಏಳುವಾಗ ಪೊಲೀಸ್ ಅಮೀನರು ಹಂದರದ ಬಾಗಿಲಿಗೆ ಬಂದರು. ಮಾವನ ಕೈಯಲ್ಲೊಂದು ಹಾಳೆ. ಮೇಲೆ ದಪ್ಪಕ್ಷರದಲ್ಲಿ ಸಮ್ಮೇಳನ ಎಂದು ಬರೆದು ಎಂಟು ಕವಿಗಳ ಹೆಸರು, ಕೆಳಗೆ ತಾನು ಕೊನೆಗೆ ಓದಬೇಕಾದ ಪದ್ಯ. ಅವನು ಆ ಹಾಳೆಯನ್ನು ಮಡಚಿ, ವೀಳ್ಯದೆಲೆಯೊಳಗಿಟ್ಟು, ಅಮೀನರ ಎದುರಿಗೇ ಅಗಿದು ನುಂಗಿದ.

"ಇವ್ರೆಲ್ಲಾ ಯಾರು, ಸಾವಕಾರ್?"

"ಹುಡುಗಿ ಕಾಕಂದಿರು, ಸಾಹೇಬ್ರ."

"ಎಂಟೂ ಮಂದಿ? ಅವರೇನು ಹೇಳಾಕತ್ತಾರ?"

"ಆಶೀರ್ವಾದ ಮಾಡಾಕತ್ತಾರ್ರೀ."

"ಇಷ್ಟುದ್ದ?"

"ತಾಯಿಲ್ಲದ ಹುಡುಗಿ, ಸಾಹೇಬ್ರ. ಜಾಸ್ತಿನ ಬೇಕಾಗತೈತಿ."

ಅಮೀನರು ಕರಗಿದರು. ಮಾವ ಅವರನ್ನು ಒಳಗೆ ಕರೆದೊಯ್ದು ಹೋಳಿಗೆ ಬಡಿಸಿದ. ಅಲ್ಲಿ ಗೊತ್ತಾಯಿತು, ಅಮೀನರೂ ಶಾಯರಿ ಬರೆಯುವವರು! ಹೊರಗೆ ಐದು ಮಂದಿ ಕನ್ನಡದಲ್ಲಿ ಓದಿ ಮುಗಿಸುವವರೆಗೂ ಒಳಗೆ ಅವರು ಉರ್ದುವಿನಲ್ಲಿ ಹೇಳುತ್ತಲೇ ಇದ್ದರು. ಮಾವ ವಾಹ್ ವಾಹ್ ಎನ್ನುತ್ತಲೇ ಇದ್ದ. ಅವನು ಹೊರಗೆ ಬಂದಾಗ ಭಟ್ಟರು ಮುಹೂರ್ತ ಮೀರುತ್ತದೆಂದು ಕೂಗಾಡುತ್ತಿದ್ದರು. ಅವನ ಸರದಿ ಬರಲೇ ಇಲ್ಲ.

ಮಧ್ಯಾಹ್ನ ನನ್ನನ್ನು ಗಂಡನ ಮನೆಗೆ ಕಳಿಸುವಾಗ ಮಾವ ಬಂಡಿಯ ಗೂಟ ಹಿಡಿದು ಊರ ಹೊರಗಿನ ತನಕ ನಡೆದು ಬಂದ. ಏನೋ ಹೇಳುತ್ತಲೇ ಬಂದ. ಅದು ಅವನ ಪದ್ಯ. ನನ್ನ ಅವ್ವನ ಹೆಸರಿನಿಂದ ಅದು ಶುರುವಾಯಿತು, ಅಷ್ಟು ಕೇಳಿಸಿತು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ನನಗೆ ಅಳು ಒತ್ತರಿಸಿ ಬಂತು. ಮುಂದಿನದು ಒಂದಕ್ಷರವೂ ಕಿವಿಗೆ ಬೀಳಲಿಲ್ಲ.

"ಹ್ಯಾಂಗೈತಿ, ತಾಯಿ?"

"ಛಲೋ ಐತಿ, ಮಾಮಾ," ಎಂದೆ ಮೂಗು ಒರೆಸಿಕೊಂಡು.

ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಅವನದು ಒಂದೇ ಮಾತು: "ನನ್ನ ಪದ್ಯ ಕೇಳಿದಾಕಿ ಆಕಿ ಒಬ್ಬಾಕಿನ. ಆಕಿಗೆ ಬಾಯಿಪಾಠ ಐತಿ." ತವರಿಗೆ ಬಂದಾಗಲೆಲ್ಲ ಇನ್ನೊಮ್ಮೆ ಹೇಳು ಎಂದು ಕೇಳಬೇಕೆನ್ನಿಸುತ್ತಿತ್ತು. ಅವನ ಆ ಹೆಮ್ಮೆ ನೋಡಿ ಹೇಗೆ ಕೇಳಲಿ?

ಬಹಳ ವರ್ಷಗಳ ಮೇಲೆ ಅವನು ಹಾಸಿಗೆ ಹಿಡಿದ. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಆ ಪದ್ಯ ಒಮ್ಮಿ ಹೇಳು, ತಾಯಿ. ನನಗ ಮರತೈತಿ," ಎಂದ.

ನಾನು ಅವ್ವನ ಹೆಸರಿನಿಂದ ಶುರುಮಾಡಿದೆ. ಮುಂದೆ ಏನು ಹೇಳಲಿ? ನನ್ನ ತಲೆ ಬಾಚಲು ಬಾರದೆ ಅವನು ಪಟ್ಟ ಪಾಡು, ಜ್ವರ ಬಂದಾಗ ಅಂಗಡಿ ಮುಚ್ಚಿ ನನ್ನ ಹತ್ತಿರ ಕೂತದ್ದು, ಬಂಡಿಯ ಪಕ್ಕ ಅವನ ಬರಿಗಾಲು, ಏನೇನು ನೆನಪಾಯಿತೋ ಅದನ್ನೆಲ್ಲ ನಿಧಾನವಾಗಿ ಹೇಳಿದೆ. ಮಾವ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ.

"ಹೌದು," ಎಂದ. "ಹಿಂಗ ಇತ್ತು."

ಅವನು ಹೋದ. ಈಗ ನಮ್ಮ ಕಡೆ ಯಾರ ಇಜಾಜತ್ತೂ ಇಲ್ಲದೆ ಕವಿಗೋಷ್ಠಿಗಳು ನಡೆಯುತ್ತವೆ. ನಾನೂ ಹೋಗಿ ಕೂಡುತ್ತೇನೆ. ಎಷ್ಟು ಪದ್ಯ ಕೇಳಿದರೂ, ಅವತ್ತು ಅವನು ನಡೆಯುತ್ತ ಹೇಳಿದ ಆ ಒಂದನ್ನು ಕೇಳಬೇಕೆಂಬ ಆಸೆ ನನಗೆ ಇನ್ನೂ ಹೋಗಿಲ್ಲ.