ವಾರಿಜಾಕ್ಷಿಯ ಕಿಂಬಾಪ್ ದಿಗ್ವಿಜಯ

ಎಲೈ ಸಹೃದಯ ಶಿರೋಮಣಿಗಳಿರಾ, ಉಂಡವರೂ ಹಸಿದವರೂ ಸಮಚಿತ್ತದಿಂದ ಕೇಳಿ! ಸೌದೆಯ ಹೊಗೆಯಡಗಿ ಕುಕ್ಕರುಗಳು ಶಂಖನಾದಗೈಯುವ ಈ ಕಲಿಯುಗದಲ್ಲಿ, ಪಡುಗಡಲ ತಡಿಯ ಮಂಗಳೂರೆಂಬ ಮಹಾಪತ್ತನದಲ್ಲಿ, ಬಿಜೈ ಸೀಮೆಯ ಮೂರನೆಯ ಮಹಡಿಯೆಂಬ ದುರ್ಗದಲ್ಲಿ, ಕೆಸುಪತ್ರವಿಮರ್ದಿನಿಯೂ ನಾರಿಕೇಲಚೂರ್ಣವರ್ಷಿಣಿಯೂ ಸೌಟುಸಮರಧುರಂಧರೆಯೂ ಆದ ವಾರಿಜಾಕ್ಷಿಯೆಂಬ ವೀರಾಗ್ರಣಿ ಇದ್ದಳು. ಕೆಸುವಿನೆಲೆಗೆ ಹಿಟ್ಟು ಸವರಿ ಪತ್ರೊಡೆ ಸುತ್ತುವುದರಲ್ಲಿ ಅವಳಿಗೆ ಎದುರಿಲ್ಲವೆಂದು ಬಂಧುಬಳಗವೆಲ್ಲ ಒಪ್ಪಿತ್ತು, ಒಬ್ಬರ ಹೊರತು.

ಆ ಒಬ್ಬರು ಅವಳ ಮಾವ, ಪಾಂಡುರಂಗ ರಾಯರು. ಸೊಸೆಯ ಅಡಿಗೆಯನ್ನು ಇಷ್ಟು ವರ್ಷವೂ ಮಾತಿಲ್ಲದೆ ಉಂಡು ಮಾತಿಲ್ಲದೆ ಕೈತೊಳೆದ ಮೌನಮೇರು. ‘ಒಳ್ಳೆದುಂಟು’ ಎಂದು ಅವರು ಜೀವಮಾನದಲ್ಲಿ ಒಮ್ಮೆ ಅಂದದ್ದು ಹಿರಿಸೊಸೆಗೆ, ಅದೂ ಬರಿಯ ಸೌತೆಕಾಯಿ ಹುಳಿಗೆ! ಆ ಹುಳಿಯ ಸುದ್ದಿ ಬಂದಾಗಲೆಲ್ಲ ವಾರಿಜಾಕ್ಷಿಯ ಮುಖ ಸಪ್ಪಗಾಗುತ್ತಿತ್ತು. ನೋವು ನಿಜಕ್ಕೂ ಇತ್ತು.

ಒಂದು ಭಾನುವಾರ, ಕೊರಿಯಾದ ಧಾರಾವಾಹಿಗಳಲ್ಲಿ ಮುಳುಗಿದ್ದ ಮಗಳು ಧೃತಿ ಒಣಗಿದ ಕಡಲಪಾಚಿಯ ಕಪ್ಪು ಹಾಳೆಗಳನ್ನೂ ಬಿದಿರಿನ ಪುಟ್ಟ ಚಾಪೆಯನ್ನೂ ಅಡಿಗೆಮನೆಗೆ ತಂದಳು.

“ಅಮ್ಮಾ, ಇದ್ರಲ್ಲಿ ಅನ್ನ ಸುತ್ತಿ ಕೊಯ್ದ್ರೆ ಕಿಂಬಾಪ್. ಚಾಪೆ ಇಲ್ದೆ ನಿಂಗೆ ಆಗ್ಲಿಕ್ಕಿಲ್ಲ.”

ಅದನ್ನು ಕೇಳಿದ್ದೇ ತಡ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ವೀರಾಗ್ರಣಿ ಸಿಂಹನಾದಗೈದಳು: “ಕೆಸುವಿನೆಲೆಗೇ ಬುದ್ಧಿ ಕಲಿಸಿದ ಕೈ ಇದು! ಚಾಪೆ ಇರುವುದು ಮಲಗ್ಲಿಕ್ಕೆ. ಇವತ್ತು ನಿನ್ನ ಅಜ್ಜನ ಬಾಯಲ್ಲಿ ‘ಒಳ್ಳೆದುಂಟು’ ಅಂತ ಹೇಳಿಸದಿದ್ರೆ ನನ್ನ ಹೆಸರು ವಾರಿಜಾಕ್ಷಿಯೇ ಅಲ್ಲ!”

ಆಮೇಲಿನ ರಣವನ್ನು ಬಣ್ಣಿಸುವುದೆಂತು! ಅವಳ ಹೆಮ್ಮೆಯಾದ ಉದುರುದುರು ಬೆಳ್ತಿಗೆ ಅಕ್ಕಿಯ ಅನ್ನ ಹಾಳೆಯ ಮೇಲೆ ಹರಡಿತು. ಎಳ್ಳೆಣ್ಣೆಯಲ್ಲಿ ಮಿಂದ ಕ್ಯಾರೆಟ್ಟು, ಮುಳ್ಳುಸೌತೆ, ಬಾಡಿಸಿದ ಬಸಳೆ ಸಾಲುಗಟ್ಟಿ ನಿಂತವು. ಸುತ್ತಿದಳು, ವ್ಯೂಹ ಬಿರಿಯಿತು, ಒಂದರ ಮುಖ ಒಂದು ನೋಡದ ಅಗುಳುಗಳು ನೆಲದುದ್ದಕ್ಕೂ ಪಲಾಯನಗೈದವು.

“ಅಂಟುವ ಅನ್ನ ಬೇಕಮ್ಮ,” ಎಂದಳು ಧೃತಿ.

“ಅನ್ನ ಅಂಟಿತು ಅಂತ ನಿನ್ನ ಅಜ್ಜಿ ಹತ್ರ ಎಷ್ಟು ಬೈಗುಳ ತಿಂದಿದ್ದೇನೆ, ಗೊತ್ತುಂಟಾ!”

ಗೊಣಗಿದರೂ ಅಭಿಮಾನವನ್ನು ನುಂಗಿ, ಕುಕ್ಕರಿಗೆ ಧಾರಾಳವಾಗಿ ನೀರು ಸುರಿದು ಮತ್ತೊಮ್ಮೆ ಅನ್ನ ಮಾಡಿದಳು. ಈ ಸಲ ಹೆಬ್ಬೆರಳು ಅಂಚನ್ನೆತ್ತಿತು, ಬೆರಳುಗಳು ಒಳಗೊತ್ತಿದವು, ಪಳಗಿದ ಕೈ ತಾನಾಗಿ ಉರುಳಿಸಿತು. ಕೊಯ್ದಾಗ ಬಿಲ್ಲೆಗಳು ಒಂದೂ ಬಿಚ್ಚಲಿಲ್ಲ. ಧೃತಿ ಚಾಪೆಯನ್ನು ಸುಮ್ಮನೆ ಪಕ್ಕಕ್ಕಿಟ್ಟಳು.

ತಟ್ಟೆ ಮಾವನ ಮುಂದೆ ಬಂತು. ರಾಯರು ಕನ್ನಡಕ ಏರಿಸಿ ನೋಡಿದರು. ಬಳಿಕ ಕೊಟ್ಟೆ ಕಡುಬಿನ ಹಲಸಿನೆಲೆ ಬಿಡಿಸುವ ನಾಜೂಕಿನಿಂದ ಒಂದೊಂದೇ ಬಿಲ್ಲೆಯ ಕಪ್ಪು ಸುತ್ತನ್ನು ಸುಲಿದು ತಟ್ಟೆಯ ಅಂಚಿಗೆ ಒಟ್ಟಿದರು. ಉಳಿದದ್ದಕ್ಕೆ ಮಜ್ಜಿಗೆ ಹಾಕಿಸಿಕೊಂಡು ಕಲಸಿ, ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಉಂಡರು. ಧೃತಿ ಏನೋ ಹೇಳಹೊರಟಳು, ತಾಯಿ ಚಿವುಟಿದಳು.

“ಒಳ್ಳೆದುಂಟು,” ಎಂದರು ರಾಯರು.

ದೇವತೆಗಳು ಹೂಮಳೆಗೆ ಬುಟ್ಟಿಯೆತ್ತಿದ್ದ ಆ ದಿವ್ಯಮುಹೂರ್ತದಲ್ಲಿ ಅವರೇ ಮುಂದುವರಿಸಿದರು: “ಅನ್ನ ಮೆತ್ತಗುಂಟು, ಹಲ್ಲಿಗೆ ತ್ರಾಸವಿಲ್ಲ. ಎಲೆ ಮಾತ್ರ ಪೂರ್ತಿ ಕರಟಿ ಹೋಗಿದೆ. ಇನ್ನೊಮ್ಮೆ ಬಾಳೆಲೆಯಲ್ಲಿ ಕಟ್ಟು.”

“ಆಯ್ತು ಮಾವ,” ಎಂದಳು ದಿಗ್ವಿಜಯಿನಿ. ನೆಟ್ಟಗೆ ಒಳಗೆ ಹೋಗಿ ಸೌತೆಕಾಯಿ ಹುಳಿಯ ಖ್ಯಾತಿಯ ಓರಗಿತ್ತಿಗೆ ಫೋನು ಮಾಡಿದಳು.

“ಅಕ್ಕಾ, ಮಾವ ಇವತ್ತು ನನ್ನ ಅಡಿಗೆಗೆ ಒಳ್ಳೆದುಂಟು ಅಂದ್ರು!”

“ಹೌದಾ! ಯಾವುದಕ್ಕೆ?”

ವೀರಾಗ್ರಣಿ ಬಾಗಿಲಿಂದ ಇಣುಕಿ, ತಟ್ಟೆಯಂಚಿನ ಕಪ್ಪು ಸುತ್ತುಗಳ ರಾಶಿಯನ್ನೊಮ್ಮೆ ನೋಡಿದಳು.

“ಮಜ್ಜಿಗೆ ಅನ್ನಕ್ಕೆ,” ಎಂದಳು.