ಕಣ್ಣಿನೊಳಗಿನ ಚಾಳೀಸು

ಮೊದಲಿಗೆ ಓದುವವರಲ್ಲಿ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒಂದು ಸಾಲು ಮೇಲೇರಿದರೆ ಇನ್ನೊಂದು ಕೆಳಗಿಳಿಯುತ್ತದೆ. ಏಳನೇ ತರಗತಿಗೇ ಶಾಲೆ ಬಿಟ್ಟವಳು, ದೊಡ್ಡ ಮಾತುಗಳೂ ಗೊತ್ತಿಲ್ಲ. ತಪ್ಪಾದಲ್ಲೆಲ್ಲ ಹೊಡೆದು ಹಾಕಿ, ಇದನ್ನು ಮೂರು ಸಲ ನಕಲು ಮಾಡಿದ್ದೇನೆ. ಇದು ನನ್ನ ಅಕ್ಕ ಕರೆಮ್ಮನ ಗಂಡ ಮಾಳಿಂಗಪ್ಪನ ಕಥೆ. ಮಾವ ಎಂದು ಬರೆದರೆ ನಗಲು ಭಯವಾಗುತ್ತದೆ, ಆದ್ದರಿಂದ ಹೆಸರು ಹಿಡಿದೇ ಬರೆಯುತ್ತೇನೆ. "ಬರಿ, ಆದ್ರ ನನ್ನ ಭಾಳ ಶಾಣ್ಯಾ ಮಾಡಬ್ಯಾಡ" ಎಂದು ಅವನೇ ಹೇಳಿದ್ದಾನೆ. ಆ ಅಪಾಯವೇನೂ ಇಲ್ಲ.

ಇದೇ ವರ್ಷ, ಸಾವಿರದ ಒಂಬೈನೂರ ಎಂಬತ್ತಾರು, ಶಿವರಾತ್ರಿ ಮುಗಿದ ವಾರ. ಸಿರವಾರದ ನಮ್ಮ ಮನೆಯ ಅಂಗಳದಲ್ಲಿ ನಿಂತು ಮಾಳಿಂಗಪ್ಪ ಘೋಷಣೆ ಮಾಡಿದ. "ಇವತ್ತಿಗೆ ನನ್ನ ಮೂಗಿನ ಮ್ಯಾಲಿನ ನಿಜಾಮಶಾಹಿ ಮುಗೀತು! ಚಾಳೀಸಿಗೆ ಸಲಾಂ!"

ಚಾಳೀಸು ಎಂದರೆ ಕನ್ನಡಕ. ಹತ್ತನೇ ವಯಸ್ಸಿನಿಂದ ಅವನ ಮೂಗಿನ ಮೇಲೆ ಸೋಡಾ ಬಾಟಲಿಯ ತಳದಷ್ಟು ದಪ್ಪದ ಚಾಳೀಸು ಕೂತಿತ್ತು. ಅದನ್ನು ತೆಗೆದರೆ ಎಮ್ಮೆ ಯಾವುದು, ಬಣವೆ ಯಾವುದು ಎಂದು ಮುಟ್ಟಿ ನೋಡಿ ಹೇಳಬೇಕು. ಆದರೆ ಅವನ ಜೀವವೆಲ್ಲ ಒಂದೇ ಕಡೆ ಇತ್ತು. ಬಸ್ ಡ್ರೈವರ್ ಆಗಬೇಕು! ಅಕ್ಕಿ ಗಿರಣಿಯ ಟ್ರ್ಯಾಕ್ಟರನ್ನು ಆರು ವರ್ಷ ಒಂದು ಗೀರೂ ಬೀಳದಂತೆ ನಡೆಸಿದವನು ಅವನು. ರಾಯಚೂರಿನ ಒಂದು ಬಸ್ ಕಂಪನಿಯಿಂದ ಕಾಗದವೂ ಬಂತು. ಕಾಗದದ ಕೊನೆಯಲ್ಲಿ ಒಂದು ಸಾಲು: ಡಾಕ್ಟರ ಮುಂದೆ ಕನ್ನಡಕವಿಲ್ಲದೆ ಗೋಡೆಯ ಅಕ್ಷರ ಓದಬೇಕು.

ಆ ಒಂದು ಸಾಲಿಗಾಗಿ ಅವನು ಹೈದರಾಬಾದಿಗೆ ಹೋಗಿ ಕಾಂಟ್ಯಾಕ್ಟ್ ಲೆನ್ಸ್ ತಂದ. ಕಣ್ಣಿನ ಕರಿಗುಡ್ಡೆಯ ಮೇಲೆ ಕೂರುವ ಎರಡು ಚೂರು. ಅಂಗೈಯಲ್ಲಿ ಇಟ್ಟರೆ ಮೀನಿನ ಹುರುಪೆಯಂತೆ ಮಿರುಗುತ್ತಿದ್ದವು. ಹಾಕಿಕೊಳ್ಳುವುದನ್ನು ಕಲಿಯಲು ಇಪ್ಪತ್ತು ದಿನ ಹಿಡಿಯಿತು. ಆ ಇಪ್ಪತ್ತು ದಿನ ಅಕ್ಕ ಕನ್ನಡಿ ಹಿಡಿದಳು, ಅವನು ಅತ್ತ. ಊರಿಗೆ ಮಾತ್ರ ಬೇರೆ ಸುದ್ದಿ ಹಬ್ಬಿಸಿದ್ದ. ಹಸಿ ನುಗ್ಗೆಸೊಪ್ಪು ತಿಂದು ತಿಂದು ಕಣ್ಣು ತಾನಾಗಿಯೇ ನೆಟ್ಟಗಾಯಿತಂತೆ! ನಮ್ಮ ಓಣಿಯ ನುಗ್ಗೆಮರಗಳು ಒಂದೇ ವಾರದಲ್ಲಿ ಬೋಳಾದವು.

ನಿಜ ಗೊತ್ತಿದ್ದವಳು ಕರೆಮ್ಮ ಒಬ್ಬಳೇ. ಪರೀಕ್ಷೆಯ ದಿನ ಬೆಳಿಗ್ಗೆ ಅವನು ದೇವರ ಅರಿಶಿನದ ಭಂಡಾರವನ್ನು ಅವಳ ಕೈಗೆ ಮುಟ್ಟಿಸಿ ಆಣೆ ಮಾಡಿಸಿಕೊಂಡ.

"ನಾ ಹೇಳೂತನ ಲೆನ್ಸಿನ ಮಾತು ಯಾರ ಮುಂದೂ ಬಾಯಿ ಬಿಡಬಾರದು. ಜೀವ ಹೋದ್ರೂ!"

"ಯಾರ ಜೀವ?" ಎಂದು ಕೇಳಿದಳು ಕರೆಮ್ಮ.

ಭಂಡಾರ ಮುಟ್ಟಿದ ಮೇಲೆ ನಮ್ಮ ಕುರಿಗಾರರ ಮನೆಯಲ್ಲಿ ಮಾತು ತಪ್ಪುವಂತಿಲ್ಲ. ಅವಳು ಕೈ ತೊಳೆದುಕೊಂಡು ಬಂದು ಇನ್ನೊಂದು ಮಾತು ಹೇಳಿದಳು. "ಮೋಟರ್ ಸೈಕಲ್ ಮ್ಯಾಲೆ ಹೊಂಟಾಗ ದೊಡ್ಡ ಗಾಳಿ ಚಾಳೀಸು ಹಾಕ್ಕೋಬೇಕಂತ ಲೆನ್ಸಿನ ಅಂಗಡಿಯಾವ ಹೇಳ್ಯಾನಲ್ರೀ. ಧೂಳು ಹೋದ್ರ ಕಷ್ಟ ಅಂತ."

"ಚಾಳೀಸು ಬಿಡ್ಲಾಕ ಇದನ್ನ ಹಾಕ್ಕೊಂಡೀನಿ. ಇದರ ಮ್ಯಾಲೆ ಮತ್ತ ಚಾಳೀಸು ಹಾಕ್ಕೊಂಡ್ರ ನನ್ನ ಬುದ್ಧಿಗೆ ಮಂದಿ ಏನಂತಾರ?"

"ಈಗ ಏನಂತಾರೋ ಅದನ್ನ ಅಂತಾರ."

ಎರವಲು ತಂದ ರಾಜದೂತ ಮೋಟರ್ ಸೈಕಲ್ಲು ಗುಡುಗಿತು. ಹಿಂದೆ ಕರೆಮ್ಮ ಸೆರಗು ಬಿಗಿದು ಕೂತಳು. ಮಾಳಿಂಗಪ್ಪನಿಗೆ ಜಗತ್ತು ಮೊದಲ ಸಲ ಚೌಕಟ್ಟಿಲ್ಲದೆ ಕಾಣುತ್ತಿತ್ತು. ಬೇಲಿಯ ಮೇಲಿನ ಗುಬ್ಬಿಯ ಕೊಕ್ಕೂ ಕಾಣುತ್ತಿತ್ತು! ಅವನು ಎದೆಯುಬ್ಬಿಸಿ, ಕಣ್ಣರಳಿಸಿ, ರಾಯಚೂರನ್ನು ಗೆಲ್ಲಲು ಹೊರಟ ದಂಡನಾಯಕನಂತೆ ಗಾಡಿ ಓಡಿಸಿದ.

ಕಲ್ಮಲದ ಹತ್ತಿರ ಬಂದಾಗ ರಸ್ತೆ ಮರೆಯಾಯಿತು. ನಮ್ಮ ಕಡೆ ಕೊಯ್ಲಿನ ಕಾಲಕ್ಕೆ ಡಾಂಬರು ರಸ್ತೆಯೇ ಕಣ. ಜೋಳದ ತೆನೆ ಕೊಯ್ದು ರಸ್ತೆಯ ಉದ್ದಕ್ಕೂ ಹಾಸಿಬಿಡುತ್ತಾರೆ. ಹೋಗುವ ಬರುವ ಬಸ್ಸು, ಲಾರಿಗಳು ತುಳಿದು ಕಾಳು ಬಿಡಿಸುತ್ತವೆ. ಮುಂದೆ ಒಂದು ಬಸ್ಸು ತೆನೆ ತುಳಿದು ಹೋಯಿತು. ಹಿಂದೆಯೇ ಸುಂಕು ಎದ್ದಿತು. ಸುಂಕು ಎಂದರೆ ಮೈಗೆ ತಾಕಿದರೂ ಉರಿದು ತುರಿಸುವ ಜೋಳದ ಸಣ್ಣ ಹೊಟ್ಟು. ಅರಳಿಸಿಕೊಂಡಿದ್ದ ಎಡಗಣ್ಣಿಗೆ ಅದು ನೇರವಾಗಿ ನುಗ್ಗಿ ಲೆನ್ಸಿನ ಅಡಿಗೆ ಸೇರಿತು.

"ಅಯ್ಯಯ್ಯೋ!" ಎಂದ ದಂಡನಾಯಕ.

ಕಣ್ಣೊಳಗೆ ಕೆಂಡ ಇಟ್ಟಂತಾಯಿತು. ನೋವಿಗೆ ಎರಡು ಕಣ್ಣೂ ಮುಚ್ಚಿದವು. ಗಾಡಿ ತೆನೆಗಳ ಮೇಲೆ ಜಾರಿ, ಅಡ್ಡಡ್ಡ ಹೋಗಿ, ರಸ್ತೆಯ ಬದಿಯ ತೆನೆರಾಶಿಗೆ ಮೂತಿ ಹೂತು ನಿಂತಿತು. ರಾಶಿಯ ಆಚೆ ಬದಿಗೆ, ಮುಂದಿನ ಗಾಲಿಯಿಂದ ಒಂದು ಗೇಣು ದೂರದಲ್ಲಿ, ಒಬ್ಬ ಮುದುಕಿ ಕೋಲು ಹಿಡಿದು ಮೇಕೆ ಕಾಯುತ್ತ ಕೂತಿದ್ದಳು. ಹೆಸರು ಆದೆಮ್ಮ. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು, ಕತ್ತಲು ಬಿಟ್ಟರೆ ಏನೂ ಕಾಣದವಳು.

ಅವಳು ಕೋಲಿನಿಂದ ಗಾಲಿಯನ್ನು ಬಡಿದಳು. "ಯಾರ ಎಮ್ಮೀ ಇದು? ಹೊಡ್ಕೊಂಡು ಹೋಗ್ರಿ!"

ಮಾಳಿಂಗಪ್ಪ ಕಣ್ಣು ಹಿಡಿದು ನೆಲದ ಮೇಲೆ ಕೂತ. ಹೆಂಗಸರು ಸುತ್ತ ನೆರೆದರು. "ಸುಂಕು ಬಿದ್ದದ, ಜಂಬಮ್ಮನ್ನ ಕರೀರಿ" ಎಂದರು. ಕಣದಲ್ಲಿ ಕಣ್ಣಿಗೆ ಕಸ ಬಿದ್ದರೆ ಹಿರಿಯ ಹೆಂಗಸರು ನಾಲಿಗೆಯ ತುದಿಯಿಂದ ತೆಗೆಯುವುದು ನಮ್ಮಲ್ಲಿ ಮಾಮೂಲು. ಕಲ್ಮಲದ ಜಂಬಮ್ಮನ ನಾಲಿಗೆ ಆ ಕೆಲಸಕ್ಕೆ ಹೆಸರಾದದ್ದು. ಅವಳು ಬಾಯಿಯೊಳಗಿನ ತಂಬಾಕು ಉಗುಳಿ, ಬಾಯಿ ಮುಕ್ಕಳಿಸಿ, ಅವನ ತಲೆಯನ್ನು ಎರಡೂ ಕೈಯಲ್ಲಿ ಕುಂಬಳಕಾಯಿಯಂತೆ ಹಿಡಿದಳು.

"ಹೇಳ್ಲೇನು?" ಎಂದು ಕಿವಿಯಲ್ಲಿ ಕೇಳಿದಳು ಕರೆಮ್ಮ.

"ಹೇಳಬ್ಯಾಡ!"

"ನಾಲಿಗಿ ಬಂತು."

"ಹೇಳಬ್ಯಾಡ ಅಂದೆ!"

ನಾಲಿಗೆ ಒಂದು ಸುತ್ತು ಹಾಕಿತು. ಜಂಬಮ್ಮ ಅಂಗೈಗೆ ಉಗುಳಿ, ಬಿಸಿಲಿಗೆ ಹಿಡಿದು ನೋಡಿ, ಚೀರಿದಳು.

"ಯವ್ವಾ, ಪೊರಿ! ಕಣ್ಣಾಗಿನ ಪೊರಿ ಕಿತ್ತು ಬಂದದ!"

ಎಲ್ಲರೂ ಮುಗಿಬಿದ್ದು ನೋಡಿದರು. ತಿಳಿಯಾಗಿ, ದುಂಡಗೆ, ಮಿರಿಮಿರಿ ಮಿರುಗುವ ಪೊರೆ! ಒಬ್ಬಳು ಜಂಬಮ್ಮನ ಕಾಲಿಗೇ ಬಿದ್ದಳು. ಆದೆಮ್ಮ ದನಿ ಬಂದ ಕಡೆಗೆ ತಡವರಿಸುತ್ತ ಬಂದಳು. "ಜಂಬೀ, ನಂದೂ ತೆಗಿಯವ್ವಾ. ಎರಡು ವರ್ಷಾತು ಮೊಮ್ಮಗಳ ಮುಖ ನೋಡಿಲ್ಲ."

ಆಗ ಮಾಳಿಂಗಪ್ಪ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹನ್ನೊಂದು ಗಂಟೆಗೆ ರಾಯಚೂರಿನಲ್ಲಿ ಗೋಡೆಯ ಅಕ್ಷರಗಳು ಕಾಯುತ್ತಿದ್ದವು. ಅವನು ಪೊರೆಯನ್ನು ಕಸಿದುಕೊಂಡು, ಕರೆಮ್ಮನನ್ನು ಎಳೆದುಕೊಂಡು, ಗಾಡಿ ಹತ್ತಿ ಓಡಿದ. ಒಂದು ಮೈಲಿಯಾಚೆ ಜಾಲಿಮರದ ಮರೆಯಲ್ಲಿ ನಿಂತು, ಲೆನ್ಸನ್ನು ಬಾಯಲ್ಲಿ ಚಪ್ಪರಿಸಿ ತೊಳೆದು, ಮತ್ತೆ ಕಣ್ಣಿಗೆ ಒತ್ತಿದ.

"ಅದರಾಗ ಇನ್ನಾ ಸುಂಕು ಅದರೀ" ಎಂದಳು ಕರೆಮ್ಮ.

"ಡ್ರೈವರ್ ಆದ ಮ್ಯಾಲೆ ತೆಗಿತೀನಿ!"

ಡಾಕ್ಟರ ಮುಂದೆ ಬಲಗಣ್ಣು ಕೊನೆಯ ಸಾಲಿನವರೆಗೂ ರೈಲಿನಂತೆ ಓಡಿತು. ಎಡಗಣ್ಣಿನ ಸರದಿ ಬಂದಾಗ ಗೋಡೆಯೇ ನೀರಿನೊಳಗೆ ಮುಳುಗಿತು.

"ಓದಪ್ಪಾ."

"ಮ್ಯಾಲಿಂದು ಓದ್ಲೇನ್ರಿ, ಕೆಳಗಿಂದು ಓದ್ಲೇನ್ರಿ?"

"ಯಾವುದು ಕಾಣ್ತದ ಅದು."

"ಕಾಣೋದು ಭಾಳ ಅದರೀ ಸಾಹೇಬ್ರ, ಆದ್ರ ಎಲ್ಲಾ ಕೂಡೇ ಕಾಣಾಕತ್ತದ."

ಡಾಕ್ಟರು ಬ್ಯಾಟರಿ ಹಿಡಿದು ಎಡಗಣ್ಣಿಗೆ ಬಗ್ಗಿದರು. ಆಮೇಲೆ ಮೆಲ್ಲಗೆ ಲೆನ್ಸು ತೆಗೆದು ಬಟ್ಟಲಿಗೆ ಹಾಕಿದರು. "ಇದರ ಕೆಳಗ ಸುಂಕು ಇಟ್ಕೊಂಡು ತಿಕ್ಕೀದಿ. ಕರಿಗುಡ್ಡಿ ಹರಿದದ. ಇದಕ್ಕ ಯಾರ ಎಂಜಲ ಹಚ್ಚೀದಿ?"

ಅವನು ತಲೆ ತಗ್ಗಿಸಿದ. ಕರೆಮ್ಮ ಕೇಳಿದಳು. "ಈಗರ ಹೇಳ್ಲೇನು?"

ಡಾಕ್ಟರು ಎರಡು ಚೀಟಿ ಬರೆದರು. ಒಂದು ಬಸ್ ಕಂಪನಿಗೆ, ಒಂದು ಆಸ್ಪತ್ರೆಗೆ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ. ಕೀವು ಆರಿತು, ನೋವು ಆರಿತು. ಎಡಗಣ್ಣಿನ ನಡುವೆ ಜೋಳದ ಕಾಳಿನಷ್ಟು ಬಿಳಿ ಕಲೆ ಉಳಿಯಿತು. ಆ ಕಣ್ಣಿಗೆ ಇನ್ನು ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ ಎಂದರು.

ಊಟದ ಬುತ್ತಿ ಹೊತ್ತು ಬಸ್ಸಿನಲ್ಲಿ ಬರುವ ಕರೆಮ್ಮ ಒಂದು ದಿನ ಸುದ್ದಿ ತಂದಳು. "ಕಲ್ಮಲದಾಗ ಜಂಬಮ್ಮನ ಮನಿ ಮುಂದ ಮುದುಕರು, ಮುದುಕೇರು ಸಾಲು ಹಚ್ಯಾರ. ಆಕಿ ನನ್ನ ಕೈಲಿ ಆಗಂಗಿಲ್ಲ ಅಂತ ಬಾಗಿಲಾ ಹಾಕ್ಕೊಂಡು ಕುಂತಾಳ. ಆದೆಮ್ಮ ಮಾನ್ವಿ ಕಣ್ಣಿನ ಕ್ಯಾಂಪಿಗೆ ಹೆಸರು ಬರೆಸಿದ್ಳಂತ, ಈಗ ಒಲ್ಲೆ ಅಂದಾಳ. ನಾಲಿಗೀಲೆ ಹೋಗೋದಕ್ಕ ಚಾಕು ಯಾಕ ಅಂತಾಳ."

ಮಾಳಿಂಗಪ್ಪ ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಿಜ ಹೇಳಿದರೆ ಸುತ್ತಲ ಹಳ್ಳಿಗೆಲ್ಲ ಗೊತ್ತಾಗುತ್ತದೆ. ಗಿರಣಿಯ ಟ್ರ್ಯಾಕ್ಟರೂ ಕೈತಪ್ಪುತ್ತದೆ. ಹೇಳದಿದ್ದರೆ? ಮೂರನೆಯ ದಿನ ಆಸ್ಪತ್ರೆಯಿಂದ ಬಿಟ್ಟಾಗ ಬಸ್ಸಿನಲ್ಲಿ ಸಿರವಾರಕ್ಕೆ ಟಿಕೆಟು ತೆಗೆದವನು ಕಲ್ಮಲದಲ್ಲೇ ಇಳಿದ.

ಜಂಬಮ್ಮನ ಕಟ್ಟೆಯ ಮುಂದೆ ನಿಂತು ಅವನು ಜೇಬಿನಿಂದ ಬಲಗಣ್ಣಿನ ಲೆನ್ಸು ತೆಗೆದು ಎಲ್ಲರಿಗೂ ತೋರಿಸಿದ. "ಅವತ್ತು ಬಂದದ್ದು ಪೊರಿ ಅಲ್ಲ. ಇಂಥಾದು. ಅಂಗಡೀಲಿಂದ ತಂದದ್ದು. ನನ್ನ ಕಣ್ಣು ಛಲೋ ಆಗಿದ್ದೇ ಇಲ್ಲ. ಬಸ್ಸಿನ ಕೆಲಸಕ್ಕಾಗಿ ಸುಳ್ಳು ಹೇಳಿದ್ದೆ."

ಬಾಗಿಲು ತೆರೆಯಿತು. "ನನ್ನ ನಾಲಿಗಿಗೆ ಆ ತಾಕತ್ತಿಲ್ಲಂತ ಹೇಳಿ ಹೇಳಿ ನಾಲಿಗೀನ ಸವೆದು ಹೋತು, ಹಾಟ್ಯಾನ ಮಗನೇ!" ಎಂದು ಜಂಬಮ್ಮ ಅತ್ತೇಬಿಟ್ಟಳು.

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದರು. ಆದೆಮ್ಮ ಮಾತ್ರ ಕೈ ಚಾಚಿದಳು. ಲೆನ್ಸನ್ನು ಬೆರಳಿನಿಂದ ಸವರಿ ಸವರಿ ನೋಡಿದಳು.

"ಇದು ಇಲ್ಲಂದ್ರ ನಿನಗ ಏನೂ ಕಾಣಂಗಿಲ್ಲೇನು?"

"ಇಲ್ಲ ಯವ್ವಾ."

"ಅವತ್ತು ನನ್ನ ಮ್ಯಾಲೆ ಬಂದದ್ದು ಎಮ್ಮಿ ಅಲ್ಲ, ನೀನಾ?"

"ನಾನಾ."

ಆದೆಮ್ಮ ಲೆನ್ಸನ್ನು ಅವನ ಅಂಗೈಗೆ ತಿರುಗಿ ಇಟ್ಟಳು. "ನಾ ಕಣ್ಣು ಕಾಣದಾಕಿ, ಕುಂತಲ್ಲೇ ಕುಂತು ಮ್ಯಾಕಿ ಕಾಯ್ತೀನಪ್ಪಾ. ನೀ ಕಣ್ಣು ಕಾಣದಾವ, ಐವತ್ತು ಮಂದೀನ ಹೇರ್ಕೊಂಡು ಬಸ್ಸು ಹೊಡೀಲಾಕ ಹೊಂಟಿದ್ಯಲ್ಲಪ್ಪಾ!"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮಾಳಿಂಗಪ್ಪ ಲೆನ್ಸನ್ನು ಜೇಬಿಗೆ ಹಾಕಿಕೊಂಡ.

ಮಾನ್ವಿಯ ಕಣ್ಣಿನ ಕ್ಯಾಂಪು ಬರುವ ಗುರುವಾರ. ಆದೆಮ್ಮ ಈಗ ಹೋಗುತ್ತೇನೆ ಎಂದಿದ್ದಾಳೆ. ಆದೆಮ್ಮನ ಮಗನಿಗೆ ಕೊಯ್ಲು ಬಿಟ್ಟು ಬರಲು ಆಗುವುದಿಲ್ಲವಂತೆ. ನಾನು ಬೆಳಗಿನ ಬಸ್ಸಿಗೆ ಕಲ್ಮಲಕ್ಕೆ ಹೋಗಿ, ಅವಳ ಕೈ ಹಿಡಿದು ಮಾನ್ವಿಗೆ ಕರೆದುಕೊಂಡು ಹೋಗುತ್ತೇನೆ.